ತಾಳ ಹಿಡಿದವನ ಹಿಂದೆ

ತಳಕಲ್ಲು ಊರಿನಲ್ಲಿ ಕಳಕಪ್ಪನ ಗಿರಣಿ ಎಲ್ಲಿ ಎಂದು ಕೇಳಿದರೆ ಯಾರೂ ಓಣಿಯ ಹೆಸರು ಹೇಳುವುದಿಲ್ಲ. "ಸದ್ದ ಬರಾಕತ್ತೈತಲ್ಲ, ಅದರ ಬೆನ್ನ ಹತ್ತಿ ಹೋಗ್ರಿ" ಎನ್ನುತ್ತಾರೆ. ಈಗ ಗಿರಣಿ ಬೇರೆಯವರ ಕೈಯಲ್ಲಿದೆ. ಹೆಸರು ಮಾತ್ರ ಇನ್ನೂ ಕಳಕಪ್ಪನದೇ. ಹೆಸರು ಅಷ್ಟು ಸುಲಭಕ್ಕೆ ಹೋಗುತ್ತದೆಯೇ! ಹರೆಯದಿಂದ ಹಿಡಿದು ಹುಬ್ಬಿನ ಕೂದಲು ಬೆಳ್ಳಗಾಗುವವರೆಗೆ ಆ ಮನುಷ್ಯ ಊರಿನ ಜೋಳವನ್ನೆಲ್ಲ ಬೀಸಿ ಕೊಟ್ಟವನು. ಹುಬ್ಬು ಬೆಳ್ಳಗಾದದ್ದು ಹಿಟ್ಟಿಗೋ ವಯಸ್ಸಿಗೋ ಎಂದು ಹೆಂಗಸರು ನಗೆಯಾಡುತ್ತಿದ್ದರು. "ಎರಡಕ್ಕೂ ಹೌದವಾ, ನಿಮ್ಮ ಹಿಟ್ಟಿಗೆ ಅರ್ಧ, ನಿಮ್ಮ ಮಾತಿಗೆ ಅರ್ಧ" ಎಂದು ಅವನೂ ನಗುತ್ತಿದ್ದ.

ಕಲ್ಲಿನ ಗಿರಣಿಯದು ಒಂದು ಗುಣ. ಮೇಲಿನ ತಗಡಿನ ಬಾಯಲ್ಲಿ ಕಾಳು ಇರುವತನಕ ಕಲ್ಲು ಒಂದು ದನಿಯಲ್ಲಿ ಗುಡುಗುತ್ತದೆ. ಕಾಳು ಮುಗಿಯುತ್ತ ಬಂದ ಹಾಗೆ ಆ ದನಿ ತೆಳ್ಳಗಾಗುತ್ತದೆ. ಆಗ ಕಲ್ಲನ್ನು ಸಡಿಲಿಸದಿದ್ದರೆ ಕಲ್ಲಿಗೆ ಕಲ್ಲು ಉಜ್ಜಿ, ಸುಟ್ಟ ವಾಸನೆ ಎದ್ದು, ಮುಂದಿನವರ ಹಿಟ್ಟಿನಲ್ಲಿ ಹರಳು ಸೇರುತ್ತದೆ. ಕಳಕಪ್ಪ ಬಾಗಿಲ ಹೊರಗೆ ಕುಳಿತು ಎಲೆಯಡಿಕೆ ಹಾಕುತ್ತ, ಹೋಗುವವರ ಬರುವವರ ಜೊತೆ ಹರಟೆ ಹೊಡೆಯುತ್ತಲೇ, ದನಿ ತೆಳ್ಳಗಾಗುವ ಮೊದಲೇ ಎದ್ದು ಒಳಗೆ ಹೋಗಿರುತ್ತಿದ್ದ. ಇದನ್ನು ಯಾರೂ ದೊಡ್ಡದು ಮಾಡಿ ಹೇಳುತ್ತಿರಲಿಲ್ಲ. ಗಿರಣಿಯವನು ಎಂದಮೇಲೆ ಅಷ್ಟೂ ಬೇಡವೇ?

ಅವನನ್ನು ಊರು ದೊಡ್ಡದು ಮಾಡಿ ಹೇಳುತ್ತಿದ್ದದ್ದು ತಾಳಕ್ಕೆ. ಸೋಮವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಭಜನಾ ಮೇಳ ಕೂಡುತ್ತಿತ್ತು. ಹನುಮಂತಪ್ಪನದು ಹಾರ್ಮೋನಿಯಂ ಪೇಟಿ, ಕೊಟ್ರೇಶನದು ಬಾರಿಸುವ ಡಗ್ಗಾ, ಕಳಕಪ್ಪನ ಕೈಯಲ್ಲಿ ಹಿತ್ತಾಳೆಯ ತಾಳ. ಆ ಮೇಳದ ಹಿರಿಯರು ಹಾಕಿಕೊಟ್ಟ ಒಂದು ಕಟ್ಟಳೆಯಿತ್ತು: ತಾಳ ಹಿಡಿದವನನ್ನು ಯಾರೂ ತಿದ್ದಬಾರದು. ಪೇಟಿ ತಪ್ಪಿದರೆ ಬೈಯಬಹುದು, ಡಗ್ಗಾ ತಪ್ಪಿದರೆ ಕಣ್ಣು ಬಿಡಬಹುದು. ತಾಳ ತಪ್ಪಿದರೆ ಮಾತ್ರ ಎಲ್ಲರೂ ತುಟಿ ಪಿಟಕ್ಕೆನ್ನದೆ ತಾಳ ಹೋದ ಕಡೆಗೇ ಹೋಗಬೇಕು. ಹಾಡು ನಡುವೆ ಮುರಿದರೆ ಊರಿಗೆ ಒಳ್ಳೆಯದಲ್ಲ ಎಂಬ ಅಂಜಿಕೆ. ಕಳಕಪ್ಪನ ಕಾಲದಲ್ಲಿ ಆ ಕಟ್ಟಳೆಗೆ ಕೆಲಸವೇ ಬಿದ್ದಿರಲಿಲ್ಲ. ಅವನ ತಾಳ ತಪ್ಪುವುದೆಂದರೆ ಪೂರ್ವಕ್ಕೆ ಹುಟ್ಟುವ ಸೂರ್ಯ ಇನ್ನೆಲ್ಲೋ ಹುಟ್ಟಿದ ಹಾಗೆ.

ಮನೆಯಲ್ಲಿ ಅವನ ತಾಳಕ್ಕೆ ಇನ್ನೊಬ್ಬರು ಜೊತೆಯಿದ್ದರು. ಅನ್ನಮ್ಮ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಅಂಜಿಕೆಗೆ ಗಂಡನ ಜೊತೆ ನಾಲ್ಕು ಮಾತಾಡಲೂ ಆಗುತ್ತಿರಲಿಲ್ಲ. ಸಂಜೆ ಅವಳು ಒಲೆಯ ಮುಂದೆ ರೊಟ್ಟಿ ಬಡಿಯಲು ಕುಳಿತರೆ ಇವನು ತಾಟು ಹಿಡಿದು ಗೋಡೆಗೆ ಒರಗಿ ಕುಳಿತು, ಅವಳ ಅಂಗೈಯ ಪಟಪಟಕ್ಕೆ ಸರಿಯಾಗಿ ತಾಟಿನ ಅಂಚಿಗೆ ಬೆರಳು ಬಡಿಯುತ್ತಿದ್ದ. ಅತ್ತೆಗೆ ಅದು ಹಸಿದವನ ಅವಸರ ಎಂದು ಕಾಣುತ್ತಿತ್ತು. ಅನ್ನಮ್ಮನಿಗೆ ಗೊತ್ತಿತ್ತು, ಅದು ತನ್ನ ಜೊತೆ ಆಡುವ ಮಾತೆಂದು. ಅವಳು ಬೇಕೆಂದೇ ಕೈ ಬಿರುಸು ಮಾಡಿದರೆ ಬೆರಳೂ ಬಿರುಸಾಗುತ್ತಿತ್ತು. ಅವಳು ತಟ್ಟನೆ ನಿಲ್ಲಿಸಿದರೆ ಬೆರಳೂ ಗಾಳಿಯಲ್ಲೇ ನಿಲ್ಲುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅತ್ತೆ ಹೋದರು, ಮಗಳು ಶಿವಲೀಲಾ ಹುಟ್ಟಿ ಓದಿ ಮಾಸ್ತರಿಕೆ ಹಿಡಿದು ಗಂಡನ ಜೊತೆ ತಾವರಗೇರಾ ಸೇರಿದಳು. ಆ ಆಟ ಮಾತ್ರ ನಿಲ್ಲಲಿಲ್ಲ.

ಅದು ಮೊದಲ ಸಲ ಕೆಟ್ಟದ್ದು ಎಳ್ಳ ಅಮಾವಾಸ್ಯೆಯ ಹಿಂದಿನ ದಿನ. ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಲು ಹೊಲಕ್ಕೆ ಒಯ್ಯಬೇಕೆಂದು ಅನ್ನಮ್ಮ ಸಜ್ಜೆ ರೊಟ್ಟಿಯ ರಾಶಿಯನ್ನೇ ಹಾಕುತ್ತಿದ್ದಳು. ಕಳಕಪ್ಪನ ಬೆರಳು ಎಂದಿನಂತೆ ತಾಟಿನ ಮೇಲೆ ಆಡುತ್ತಿತ್ತು. ಆದರೆ ಅವಳ ಕೈ ಬಿದ್ದ ಮೇಲೆ ಒಂದು ಚೂರು ತಡೆದು ಬೆರಳು ಬೀಳುತ್ತಿತ್ತು. ಒಮ್ಮೆ ಮುಂದೆ, ಒಮ್ಮೆ ಹಿಂದೆ. ಆಟವಾಡುತ್ತಿದ್ದಾನೆ ಎಂದುಕೊಂಡು ಅನ್ನಮ್ಮ ತಿರುಗಿ ನೋಡಿದಳು. ಅವನು ಹುಬ್ಬು ಗಂಟು ಹಾಕಿಕೊಂಡು ಕುಳಿತಿದ್ದ.

"ಯಾಕ, ಇವತ್ತ ನಿನ್ನ ಕೈಗೆ ಏನಾಗೈತಿ? ಹಿಂದಮುಂದ ಬೀಳಾಕತ್ತೈತಲ್ಲ" ಎಂದ.

ತಪ್ಪು ತನ್ನ ಕೈಯದೆಂದು ಅನ್ನಮ್ಮ ಒಪ್ಪಿಕೊಂಡಳು. "ನಸುಕಿಂದ ಬಡಿಯಾಕತ್ತೀನಲ್ರಿ, ರಟ್ಟಿ ಸೋತಾವ" ಎಂದು ನಕ್ಕು, ಅವನ ಬೆರಳನ್ನು ಓರೆಗಣ್ಣಿನಲ್ಲಿ ನೋಡುತ್ತ ನೋಡುತ್ತ, ಅದು ಬಿದ್ದಾಗಲೇ ತನ್ನ ಕೈಯೂ ಬೀಳುವ ಹಾಗೆ ಮಾಡಿದಳು. ಅವನ ಹುಬ್ಬಿನ ಗಂಟು ಬಿಚ್ಚಿತು. "ಹಾಂ, ಈಗ ಬಂತ ನೋಡು" ಎಂದ. ಅಂದಿನಿಂದ ಅದೇ ರೂಢಿಯಾಯಿತು. ಇಷ್ಟು ವರ್ಷ ಅವನು ಅವಳ ಕೈಯ ಹಿಂದೆ ಬಂದಿದ್ದ, ಇನ್ನು ನಾಲ್ಕು ದಿನ ನಾನು ಅವನ ಬೆರಳಿನ ಹಿಂದೆ ಹೋದರೆ ಏನಾಯಿತು ಎಂದುಕೊಂಡಳು. ಪಾಪ, ಇದರಲ್ಲಿ ತಪ್ಪು ಹುಡುಕಲು ಯಾರಿಗೆ ಮನಸ್ಸು ಬಂದೀತು?

ಮೇಳದಲ್ಲೂ ಅದೇ ನಡೆದಿತ್ತು. ಒಂದು ಮಧ್ಯಾಹ್ನ ಹನುಮಂತಪ್ಪ ಹಿತ್ತಲ ಬಾಗಿಲಿನಿಂದ ಬಂದು ನಿಂತ. ಪೇಟಿಯವನಿಗೆ ಹಿತ್ತಲಲ್ಲಿ ಏನು ಕೆಲಸ ಎಂದು ಅನ್ನಮ್ಮ ಕೈಕೆಲಸ ಬಿಟ್ಟು ಎದ್ದಳು.

"ತಂಗೀ, ಹೇಳಬೇಕೋ ಬ್ಯಾಡೋ ತಿಳಿವಲ್ದು" ಎಂದ ಅವನು. "ಕಳಕಪ್ಪಣ್ಣನ ತಾಳ ಯಾಕೋ ನೆಟ್ಟಗ ಬೀಳವಲ್ದು. ನಾವು ಹಿಂದಿಂದ ಹೋಗಿ ಮುಚ್ಚಿಕೊಂಡು ಹೊಂಟೀವಿ. ಕಟ್ಟಳಿ ಬ್ಯಾರೆ ಐತಿ. ಆದ್ರ ಒಂದ ಮಾತ ಅವಗ ಹೇಳಿದ್ರ ಹೆಂಗ?"

"ಬ್ಯಾಡ್ರಿ ಯಣ್ಣಾ" ಎಂದಳು ಅನ್ನಮ್ಮ. ಕೈ ಮುಗಿದಳು. "ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ್ರಿ. ತಾಳ ತಪ್ಪಿತು ಅಂದ್ರ ಅವ್ರು ಅನ್ನ ಬಿಡ್ತಾರ. ವಯಸ್ಸಾತು, ಇರಲಿ ಬಿಡ್ರಿ."

ಹನುಮಂತಪ್ಪ ತಲೆಯಾಡಿಸಿ ಹೋದ. ಹೀಗೆ ಇಡೀ ಮೇಳ, ಮನೆಯ ಹೆಂಡತಿ, ಎಲ್ಲರೂ ಸೇರಿ ಆ ಮನುಷ್ಯನಿಗೆ ಅವನ ತಾಳ ಸರಿಯಾಗಿದೆ ಎಂದು ನಂಬಿಸಿಬಿಟ್ಟರು. ಬೈಯೋಣವೆಂದರೆ ಯಾರನ್ನು ಬೈಯುವುದು? ಎಲ್ಲರೂ ಅವನ ಮೇಲಿನ ಜೀವಕ್ಕೇ ಮಾಡಿದ್ದು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ದಿನ ಗಿರಣಿಯಲ್ಲಿ ಸುಟ್ಟ ವಾಸನೆ ಎದ್ದಿತು. ಬೀಸಿಸಲು ಬಂದ ಜೈನಾಬೀ "ಯಣ್ಣಾ, ಕಲ್ಲು, ಕಲ್ಲು!" ಎಂದು ಕೂಗಿದರೂ ಕಳಕಪ್ಪ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತೇ ಇದ್ದ. ಅವಳು ಬಂದು ತೋಳು ಹಿಡಿದು ಅಲುಗಿಸಿದಾಗ ಎದ್ದ. ಊರಿಗೆ ಕಾರಣ ಸಿಕ್ಕಿತು: ಗಿರಣಿಯ ಸದ್ದಿಗೆ ಕಿವಿ ಮಂದವಾಗಿವೆ. ಗಿರಣಿಯವರಿಗೆ ಅದು ಇದ್ದದ್ದೇ. ಯಲಬುರ್ಗಾದಲ್ಲಿ ಕಿವಿ ತಪಾಸಣೆ ಇಟ್ಟಾಗ ಅನ್ನಮ್ಮ ಅವನನ್ನು ಕರೆದುಕೊಂಡು ಹೋದಳು. ಕಿವಿಗೆ ಯಂತ್ರ ಇಟ್ಟು, ಸದ್ದು ಕೇಳಿದಾಗಲೆಲ್ಲ ಕೈ ಎತ್ತು ಎಂದರು. ಎಷ್ಟು ಸಣ್ಣ ಸದ್ದಿಗೂ ಕಳಕಪ್ಪ ಕೈ ಎತ್ತಿದ. "ನಿಮ್ಮ ವಯಸ್ಸಿಗೆ ಇವು ಭಾಳ ಛಲೋ ಕಿವಿ ಬಿಡ್ರಿ" ಎಂದು ಕಳಿಸಿದರು. ಬಸ್ಸಿನಲ್ಲಿ ಬರುವಾಗ ಅನ್ನಮ್ಮ ದೇವರಿಗೆ ಕಾಯಿ ಹರಕೆ ಹೊತ್ತಳು. ಬಂದ ಮಾರನೆಯ ದಿನವೇ ಒಡೆಸಿದಳು.

ಆದರೆ ಅವನು ಮೊದಲಿನ ಕಳಕಪ್ಪನಾಗಿ ಉಳಿಯಲಿಲ್ಲ. ಮಾತಿನ ಮಲ್ಲ ಮೌನಿಯಾದ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎದ್ದು ಹೋಗುತ್ತಿದ್ದ. "ಫ್ಯಾನ್ ಬಂದ್ ಮಾಡು, ಏನಂತಿ ತಿಳಿವಲ್ದು" ಎನ್ನುತ್ತಿದ್ದ. ಯಾರು ಏನು ಹೇಳಿದರೂ "ಹೌದ ಹೌದ, ಅದೂ ಖರೇನ" ಎನ್ನುವುದೊಂದು ಹೊಸ ಚಾಳಿ ಹತ್ತಿತು. ಹಿತ್ತಲಿನ ನುಗ್ಗೆಕಾಯಿ ಕೊಯ್ಯಲು ಹೋದರೆ ಕಣ್ಣೆತ್ತಿ ನೋಡುವ ಬದಲು ಇಡೀ ತಲೆಯನ್ನೇ ಹಿಂದಕ್ಕೆ ಬಾಗಿಸಿ, ಓಲಾಡಿ, ಗೋಡೆ ಹಿಡಿಯುತ್ತಿದ್ದ. ತಲೆನೋವು ಎಂದು ನಸುಕಿಗೇ ಎದ್ದು ಕೂಡುತ್ತಿದ್ದ. ಅನ್ನಮ್ಮ ಅಮೃತಾಂಜನ ತಿಕ್ಕುತ್ತಿದ್ದಳು.

ಶಿವಲೀಲಾ ಆಗಾಗ ಬರುತ್ತಿದ್ದಳು, ಆದರೆ ಹೊತ್ತಿರುವಾಗಲೇ ಬಸ್ಸು ಹಿಡಿದು ಹೊರಟುಬಿಡುತ್ತಿದ್ದಳು. ಶ್ರಾವಣದಲ್ಲಿ ಒಂದು ಸೋಮವಾರ ಉಳಿದಳು. ಸಂಜೆ ತಾಯಿಯ ಜೊತೆ ಗುಡಿಗೆ ಹೋಗಿ ಹೆಂಗಸರ ಸಾಲಿನಲ್ಲಿ ಕುಳಿತಳು. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳು ತಾಯಿಯ ಮೊಣಕೈ ಹಿಡಿದಳು.

"ಯವ್ವಾ, ಏನಿದು? ಅಪ್ಪನ ತಾಳ ಎಲ್ಲೆಲ್ಲೋ ಹೊಂಟೈತಿ."

"ಸುಮ್ನಿರು."

"ಎಲ್ಲಾರೂ ಅವನ ಬೆನ್ನ ಹತ್ತಿ ಹೊಂಟಾರ. ಹಾಡು ಹಾಡಾಗಿ ಉಳದಿಲ್ಲ. ನಿನಗ ಕೇಳಸಾಕತ್ತಿಲ್ಲೇನ?"

ಅನ್ನಮ್ಮ ಆಗ ಕಿವಿಗೊಟ್ಟು ಕೇಳಿದಳು. ಇಷ್ಟು ದಿನ ದಿನಕ್ಕಿಷ್ಟು ದಿನಕ್ಕಿಷ್ಟು ಕೆಟ್ಟದ್ದು ಅವಳ ಕಿವಿಗೆ ರೂಢಿಯಾಗಿಬಿಟ್ಟಿತ್ತು. ಈಗ ಮಗಳು ಹೇಳಿದ ಮೇಲೆ ಕೇಳಿದರೆ, ಅಯ್ಯೋ ಶಿವನೇ, ಡಗ್ಗಾ ಕುಂಟುತ್ತಿತ್ತು, ಪೇಟಿ ಏದುಸಿರು ಬಿಡುತ್ತಿತ್ತು, ಹಾಡುವವರು ನಿಂತು ನಿಂತು ಹೋಗುತ್ತಿದ್ದರು. ನಡುವೆ ಕಳಕಪ್ಪ ಒಬ್ಬನೇ ಕಣ್ಣು ಮುಚ್ಚಿ ಸುಖವಾಗಿ ತಾಳ ಹಾಕುತ್ತಿದ್ದ.

ಮನೆಗೆ ಬಂದು ಶಿವಲೀಲಾ ಅಡುಗೆ ಮನೆಯಲ್ಲಿ ತಾಯಿಯನ್ನು ಹಿಡಿದು, ಇದು ಯಾವಾಗಿನಿಂದ ಎಂದು ಕೇಳಿದಳು. ಎಳ್ಳ ಅಮಾವಾಸ್ಯೆಯಿಂದ ಎಂದು ಅನ್ನಮ್ಮ ಹೇಳಲಿಲ್ಲ. "ಈಗೀಗ" ಎಂದಳು.

ಶಿವಲೀಲಾ ತಂದೆತಾಯಿಯನ್ನು ಕೊಪ್ಪಳದ ದವಾಖಾನೆಗೆ ಕರೆದೊಯ್ದಳು. ಅಲ್ಲಿ ಅವನನ್ನು ನೋಡಿದ ಡಾಕ್ಟರು ದಾನೇಶ್ವರಿ ಎಂಬ ಹೆಣ್ಣುಮಗಳು. ತಲೆ ಅಲುಗಿಸದೆ ಮೇಲೆ ನೋಡಿ ಎಂದರೆ ಕಳಕಪ್ಪನ ಕಣ್ಣು ಏರಲೇ ಇಲ್ಲ. ಆಕೆ ಅಲ್ಲಿಗೇ ಗಂಭೀರವಾದಳು. ಆಮೇಲೆ ಅವನನ್ನು ಕುರ್ಚಿಗೆ ಒರಗಿಸಿ, ತಲೆಗೆ ಅಲ್ಲಲ್ಲಿ ವಾಯರು ಅಂಟಿಸಿ, ಕಿವಿಗೆ ಒಂದೇ ಸಮನೆ ಮಿಡಿಯುವ ಸದ್ದು ಬಿಟ್ಟರು. ಪಕ್ಕದ ಪರದೆಯ ಮೇಲೆ ಗೆರೆಗಳು ಓಡಾಡಿದವು. ಕಳಕಪ್ಪ ಅಷ್ಟು ಹೊತ್ತೂ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದ. ಆ ಸದ್ದಿಗೂ ತಾಳ ಹಾಕುತ್ತಿದ್ದಾನೆ ಎಂದು ಅನ್ನಮ್ಮನಿಗೆ ತಿಳಿಯಿತು.

"ನೋಡ್ರಿ ಅಮ್ಮಾ" ಎಂದು ದಾನೇಶ್ವರಿ ಬಿಡಿಸಿ ಹೇಳಿದಳು. "ಶಬ್ದ ಕಿವಿಗೆ ಬಿದ್ದಾಗ ಮೆದುಳಿನ್ಯಾಗ ಕರೆಂಟಿನಂಥಾ ಸಣ್ಣ ಅಲೆ ಏಳ್ತಾವ. ಶಬ್ದ ಹೆಂಗ ಮಿಡೀತೈತಿ, ಆ ಅಲೆನೂ ಅದರ ಜೋಡೀನ ಮಿಡೀಬೇಕು. ನಿಮ್ಮ ಭಜನಿಯೊಳಗ ಎಲ್ಲಾರೂ ತಾಳದ ಹಿಂದ ಹೋಗ್ತೀರಲ್ಲ, ಹಂಗ. ಇವರ ಕಿವಿ ಛಲೋ ಅದಾವ, ಶಬ್ದ ಒಳಗ ಹೋಗ್ತೈತಿ. ಒಳಗ ಅಲೆನೂ ಏಳ್ತಾವ. ಆದ್ರ ಒಂದೊಂದು ಒಂದೊಂದು ಕಡಿ ಹೊಂಟಾವ, ಕೂಡವಲ್ವು. ಅದಕ್ಕ ಮೊದಲ ತಾಳ ಹೋತು. ಈಗ ಮಾತು ಹೋಗಾಕತ್ತೈತಿ. ಮಾತು ಅಂದ್ರೂ ಏರಿಳಿತಾನ ಅಲ್ಲೇನ್ರಿ?"

ಅನ್ನಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಈ ಮಾತು ಅವಳಿಗೆ ಚೆನ್ನಾಗಿ ತಿಳಿಯಿತು. ಹೊರಗಿನ ಮೇಳವೆಲ್ಲ ಅವನ ಹಿಂದೆ ಹೋಗುತ್ತಿದ್ದಾಗ ತಲೆಯೊಳಗಿನ ಮೇಳ ಅವನ ಕೈಬಿಟ್ಟಿತ್ತು. ಯಾಕೆ ಹೀಗಾಯಿತು ಎಂದು ನೋಡಲು ತಲೆಯ ಸ್ಕ್ಯಾನಿಂಗ್ ಮಾಡಿಸಿದರು. ಎರಡೂ ಕಿವಿಯ ದಾರಿ ಮೇಲೆ ಹೋಗುವಲ್ಲಿ, ನಡುಮೆದುಳಿನ ಬೆನ್ನಿಗೆ, ಒಂದು ಗಡ್ಡೆ ಬೆಳೆದು ಕುಳಿತಿತ್ತು.

"ತಾಳ ತಪ್ಪಾಕ ಶುರುವಾಗಿ ಎಷ್ಟು ದಿನ ಆತ್ರಿ?" ಎಂದು ದಾನೇಶ್ವರಿ ಕೇಳಿದಳು.

ಶಿವಲೀಲಾ ತಾಯಿಯ ಮುಖ ನೋಡಿದಳು. ಅನ್ನಮ್ಮ ಈ ಸಲ ಮುಚ್ಚಿಡಲಿಲ್ಲ. "ಎಳ್ಳ ಅಮಾಸಿಂದ" ಎಂದಳು, ತನಗೇ ಕೇಳದಷ್ಟು ಮೆಲ್ಲಗೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗಡ್ಡೆ ಸಣ್ಣದಿದ್ದಾಗ ಬಂದಿದ್ದರೆ ತೆಗೆಯುವುದು ಹಗುರವಾಗುತ್ತಿತ್ತು, ಈಗ ಜೀವ ಉಳಿಸಬಹುದು, ಮಾತು ತಿಳಿಯುವುದರ ಬಗ್ಗೆ ಏನೂ ಹೇಳಲಾರೆ ಎಂದಷ್ಟೇ ಹೇಳಿ ಹುಬ್ಬಳ್ಳಿಗೆ ಬರೆದುಕೊಟ್ಟಳು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕೈಗೆ ಸಿಕ್ಕಷ್ಟು ತೆಗೆದರು. ತಲೆನೋವು ಹೋಯಿತು, ನಡಿಗೆ ನೆಟ್ಟಗಾಯಿತು, ಕಣ್ಣು ಮೇಲೇರಿತು. ಮಾತು ಮಾತ್ರ ಬರಲಿಲ್ಲ. ಬರಲಿಲ್ಲವೆಂದರೆ, ಅವನ ಬಾಯಿಂದ ಬರುವ ಮಾತು ಸರಿಯಾಗಿಯೇ ಇತ್ತು. ಬೇರೆಯವರ ಮಾತು ಅವನೊಳಗೆ ಮಾತಾಗುತ್ತಿರಲಿಲ್ಲ. "ಎಲ್ಲಾರೂ ಗಿರಣಿಯೊಳಗ ನಿಂತು ಮಾತಾಡಿದಂಗ ಆಗ್ತೈತಿ" ಎಂದ. ಶಿವಲೀಲಾ ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿ, ತಲೆಯಲ್ಲಿ ಗಡ್ಡೆಯಿತ್ತು, ತೆಗೆದಿದ್ದಾರೆ ಎಂದು ತಿಳಿಸಿದಳು. ಅವನು ಓದಿ ತಲೆಯಾಡಿಸಿದ. ರಜೆ ಮುಗಿದು ಶಿವಲೀಲಾ ಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರು: ಮಾತು ತಿಳಿಯದ ಗಂಡ, ಅಕ್ಷರ ತಿಳಿಯದ ಹೆಂಡತಿ. ದೇವರಿಗೆ ಕಣ್ಣಿದ್ದರೆ ಅವರಿಬ್ಬರಲ್ಲಿ ಒಬ್ಬರಿಗಾದರೂ ಇನ್ನೊಂದು ದಾರಿ ಕೊಟ್ಟಿರಬಾರದಿತ್ತೇ?

ಅದನ್ನೂ ತಡೆದುಕೊಂಡಾಳು. ಅನ್ನಮ್ಮನಿಗೆ ತಡೆಯಲಾಗದ್ದು ಇನ್ನೊಂದು. ನೋಡಲು ಬಂದವರಿಗೆಲ್ಲ ಕಳಕಪ್ಪ ಒಂದೇ ಮಾತು ಹೇಳುತ್ತಿದ್ದ: "ಏನ ಹೋದ್ರೂ ನನ್ನ ತಾಳ ಕಡೀತನಕ ತಪ್ಪಲಿಲ್ಲ ನೋಡ್ರಿ. ಶ್ರಾವಣದ ಸೋಮವಾರನೂ ಮೇಳ ನನ್ನ ಹಿಂದ ಹೆಂಗ ಬಂತು!" ಬಂದವರು ಕಣ್ಣು ತಪ್ಪಿಸಿ ಹೌದೆಂದು ತಲೆಯಾಡಿಸುತ್ತಿದ್ದರು. ಹನುಮಂತಪ್ಪ ಒಮ್ಮೆ ಹಾಗೆ ತಲೆಯಾಡಿಸಿ, ಹೊರಗೆ ಹೋಗಿ, ಟವಲಿನಿಂದ ಮುಖ ಒರೆಸಿಕೊಂಡ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ. ಅನ್ನಮ್ಮ ಒಲೆಯ ಮುಂದೆ ಕುಳಿತಿದ್ದಳು. ಕಳಕಪ್ಪ ತನ್ನ ಜಾಗದಲ್ಲಿ ಗೋಡೆಗೆ ಒರಗಿ, ಹುಣಸೆಹಣ್ಣು ಹಚ್ಚಿ ತಾಳ ತಿಕ್ಕುತ್ತಿದ್ದ. ತಿಕ್ಕಿ ತೊಳೆದು, ಪಂಚೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ಹಿತ್ತಾಳೆ ಹೊಸದರಂತೆ ಹೊಳೆಯುತ್ತಿತ್ತು.

"ಈ ಸೋಮವಾರದಿಂದ ಹೋಗ್ತೀನಿ" ಎಂದ. "ಮಾತು ತಿಳೀದಿದ್ರೇನಾತು? ತಾಳ ಒಳಗ ಐತಿ. ಅದು ತಪ್ಪಂಗಿಲ್ಲ."

ತಾಳ ಬದಿಗಿಟ್ಟು ತಾಟು ಕೈಗೆ ತೆಗೆದುಕೊಂಡು ಅಂಚಿಗೆ ಬೆರಳು ಬಡಿಯತೊಡಗಿದ. ಅನ್ನಮ್ಮನ ಕೈ ತಾನಾಗಿಯೇ ಅವನ ಬೆರಳಿನ ಹಿಂದೆ ಹೊರಟಿತು. ಹೊರಟದ್ದು ಅರ್ಧಕ್ಕೆ ನಿಂತಿತು. ಸೋಮವಾರ ಇವನು ಹೋಗುತ್ತಾನೆ. ಎಲ್ಲರೂ ಮತ್ತೆ ಇವನ ಹಿಂದೆ ಹೋಗುತ್ತಾರೆ. ಇವನು ಕಣ್ಣು ಮುಚ್ಚಿ ಸುಖವಾಗಿ ಕೂತಿರುತ್ತಾನೆ, ಊರು ಒಳಗೊಳಗೇ ಅಳುತ್ತಿರುತ್ತದೆ. ಅವಳಿಂದ ಇನ್ನು ಆಗಲಿಲ್ಲ.

"ತಪ್ಪಿತ್ರಿ" ಎಂದಳು. ಒಂದು ಸಲ ಬಾಯಿ ಬಿಟ್ಟದ್ದೇ ತಡ, ಕಟ್ಟೆ ಒಡೆಯಿತು. "ಅವತ್ತ ತಪ್ಪಿತ್ತು. ನನ್ನ ಕೈ ಅಲ್ರಿ, ನಿಮ್ಮ ಬೆರಳ ತಪ್ಪಿತ್ತು. ನಂಗ ಗೊತ್ತಿತ್ತು. ಹನುಮಂತಪ್ಪಣ್ಣ ಬಂದು ಕೇಳಿದಾಗ ನಾನ ಬ್ಯಾಡ ಅಂದೆ. ಅವತ್ತ ಒಂದ ಮಾತ ಹೇಳಿದ್ರ ನೀವು ಹಿಂಗ ಆಗತಿರಲಿಲ್ಲ. ನಾನ ಮಾಡಿದೆ, ನಾನ ಮಾಡಿಟ್ಟೆ..." ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡಳು.

ಕಳಕಪ್ಪ ಅವಳ ಬಾಯನ್ನೇ ನೋಡುತ್ತಿದ್ದ. ಅವಳ ಕಣ್ಣೀರು ನೋಡಿ ಅವನಿಗೆ ಏನೋ ತೋಚಿತು. ಸಮಾಧಾನ ಮಾಡುವ ಹಾಗೆ ನಕ್ಕು ತಲೆಯಾಡಿಸಿದ.

"ಹೌದ ಹೌದ, ಅದೂ ಖರೇನ. ಮಗಳ ನೆನಪಾತೇನು? ಸೋಮವಾರ ಆದಮ್ಯಾಲೆ ತಾವರಗೇರಾಕ್ಕ ಹೋಗಿಬರೂಣು. ಅಳಬ್ಯಾಡ."

ಅನ್ನಮ್ಮ ಬೆರಗಾಗಿ ಅವನನ್ನು ನೋಡಿದಳು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಅವನಿಗೆ ಮುಟ್ಟಿರಲಿಲ್ಲ. ಅವಳ ಮನಸ್ಸು ಮುರಿಯಬಾರದೆಂದು ಅವನು ಅವಳ ಹಿಂದೆ ಬರುತ್ತಿದ್ದ, ಅಷ್ಟೇ. ಮುಚ್ಚಿಕೊಂಡು, ಎಲ್ಲ ಸರಿಯಿದೆಯೆಂಬ ಹಾಗೆ. ಅವಳು ಕಣ್ಣೊರೆಸಿಕೊಂಡು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮದುವೆಯಾದಾಗಿನಿಂದ ಅವನಿಗೆ ಇದು ತಪ್ಪು ಎಂದು ಒಮ್ಮೆಯೂ ಹೇಳದವಳು, ಅವನ ಗದ್ದ ಹಿಡಿದು ಮುಖ ತನ್ನ ಕಡೆಗೆ ತಿರುಗಿಸಿ, ಅಲ್ಲ ಎಂದು ತಲೆ ಅಲ್ಲಾಡಿಸಿದಳು.

ಅವನ ನಗು ನಿಂತಿತು.

ಅವಳು ಹಿಟ್ಟಿನ ಒಂದು ಉಂಡೆ ತೆಗೆದುಕೊಂಡು ಕಲ್ಲಿನ ಮೇಲಿಟ್ಟಳು. ನೋಡ್ರಿ ಎಂದು ಕಣ್ಣಿನಲ್ಲೇ ಹೇಳಿ ಬಡಿಯತೊಡಗಿದಳು, ತನ್ನ ಹರೆಯದ ಬಿರುಸಿನಲ್ಲಿ, ಸಮನಾಗಿ. ರೊಟ್ಟಿ ಕಲ್ಲಿನ ಮೇಲೆ ತಿರುಗುತ್ತ ಅಗಲವಾಯಿತು. ಆಮೇಲೆ ನಿಲ್ಲಿಸಿ ಅವನ ಬೆರಳನ್ನು ಹಿಡಿದು ತಾಟಿನ ಅಂಚಿಗೆ ಇಟ್ಟಳು. ಅವನು ಬಡಿದ. ಅವಳು ಇನ್ನೊಂದು ಉಂಡೆ ತೆಗೆದುಕೊಂಡು, ಅವನ ಬೆರಳನ್ನೇ ನೋಡುತ್ತ, ಅದು ಬಿದ್ದಾಗ ಬೀಳಿಸುತ್ತ, ಅದು ತಡೆದಾಗ ತಡೆಯುತ್ತ ಬಡಿದಳು. ಅವಳ ಅಂಗೈ ಗಾಳಿಯಲ್ಲಿ ಕಾಯುತ್ತಿರುವುದನ್ನು ಕಳಕಪ್ಪ ಕಣ್ಣಾರೆ ಕಂಡ. ಎರಡನೆಯ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಾಗಿ, ಅಂಚು ಹರಿಯಿತು. ಅವನು ಆ ಎರಡು ರೊಟ್ಟಿಗಳನ್ನೂ ನೋಡಿದ. ಅವಳ ಮುಖವನ್ನೂ ನೋಡಿದ.

"ತಪ್ಪತಿತ್ತೇನ?" ಎಂದ.

ಅನ್ನಮ್ಮ ಹೌದೆಂದು ತಲೆಯಾಡಿಸಿದಳು.

"ಮೇಳದಾಗೂ?"

ಆ ಮಾತಿಗೂ ತಲೆಯಾಡಿಸಿದಳು. ಕಣ್ಣು ಕೆಳಗೆ ಹಾಕಲಿಲ್ಲ. ಹಾಕಿದರೆ ಅವನು ತನ್ನನ್ನು ಕ್ಷಮಿಸಿಬಿಟ್ಟಾನು ಎಂದು ಅವಳಿಗೆ ಅಂಜಿಕೆಯಿತ್ತು.

ಕಳಕಪ್ಪ ಹೊಳೆಯುವ ತಾಳಗಳನ್ನು ಎತ್ತಿ, ಒಂದಕ್ಕೊಂದು ಬಡಿಯದ ಹಾಗೆ ನಡುವೆ ಪಂಚೆಯ ಚುಂಗು ಇಟ್ಟು, ಸುತ್ತಿ, ಗೂಡಿನಲ್ಲಿಟ್ಟ. ತಿರುಗಿ ಬಂದು ತನ್ನ ಜಾಗದಲ್ಲಿ ಕುಳಿತ. ತಾಟನ್ನು ಮುಂದೆ ನೆಲದ ಮೇಲಿಟ್ಟು, ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡ.

"ಬಡಿ" ಎಂದ. "ಹಸಿವಾಗೈತಿ. ನಿನ್ನ ಕೈ ಹೆಂಗ ಬೀಳತೈತಿ ಹಂಗ ಬಡಿ. ನನ್ನ ನೋಡಬ್ಯಾಡ."

ಅನ್ನಮ್ಮ ಒಲೆಯ ಕಡೆ ತಿರುಗಿ ರೊಟ್ಟಿ ಬಡಿದಳು.